ಜಪಾನೀ ಶಬ್ದಸಮುದಾಯವೂ ಚೀನೀ ಲಿಪಿಯೂ

೧

ಜಪಾನ್ ದೇಶದ ಅತ್ಯುನ್ನತವಾದ ಪರ್ವತವನ್ನು ಹೊರದೇಶಗಳ ಭೂಗೋಳಗ್ರಂಥಗಳು ಬಹುಕಾಲ ‘ಫುಜಿಯಾಮ’ ಎಂದು ಕರೆಯುತ್ತ ಬಂದುವು. ಆ ದೇಶದವರಾದರೋ ಅದನ್ನು ‘ಫುಜಿಸನ್’ ಎನ್ನುತ್ತಾರೆ. ಈ ‘ಸನ್’ ಎಂಬುದು ಜಪಾನೀಯರು ವ್ಯಕ್ತಿನಾಮಗಳ ಕೊನೆಗೆ ಸೇರಿಸುವ ಗೌರವವಾಚಕವೇ ಆಗಿರಬೇಕೆಂದು ಕೆಲವರು ಊಹಿಸುವುದುಂಟು. ಆ ಊಹೆ ಸರಿಯಲ್ಲ. ಪರ್ವತವೆಂಬ ಅರ್ಥವುಳ್ಳ ಚೀನೀ ಅಕ್ಷರವೊಂದುಂಟು. ಜಪಾನಿನಲ್ಲಿ ಆ ಒಂದೇ ಅಕ್ಷರವನ್ನು ‘ಯಮ’ ಎಂದೂ ‘ಸನ್’ ಎಂದೂ ಎರಡು ಬಗೆಯಾಗಿ ಓದುತ್ತಾರೆ. ‘ಯಮ’ ಎಂಬುದು ಅಚ್ಚ ಜಪಾನೀ ಮಾತು. ‘ಸನ್’ ಎಂಬುದು ಚೀನದಿಂದ ಅಕ್ಷರದೊಡನೆ ಬಂದ ಮಾತು. ಈ ಪರ್ವತದ ಹೆಸರಿನಲ್ಲಿ ಎರಡನೆಯದೇ ರೂಢಿ. ಹೊರಗಿನವರು ಅಕ್ಷರವನ್ನು ಸರಿಯಾಗಿಯೇ ಗುರುತಿಸಿದರು. ಶಬ್ದವನ್ನು ಮಾತ್ರ ತಪ್ಪಿದರು.

ಈ ಸಣ್ಣ ತಪ್ಪಿನ ಹಿಂದೆ ದೊಡ್ಡದೊಂದು ಭ್ರಾಂತಿಯಿದೆ. ಜಪಾನೀಯರು ಚೀನೀ ಅಕ್ಷರಗಳಲ್ಲಿ ಬರೆಯುವುದರಿಂದ ಅವರ ಭಾಷೆ ಚೀನೀ ಭಾಷೆಯ ಒಂದು ಶಾಖೆಯೆಂದು ತಿಳಿದವರುಂಟು. ಹಾಗೆ ತಿಳಿಯದವರೂ ಸಹ ಪ್ರತಿಯೊಂದು ಜಪಾನೀ ಶಬ್ದದ ಅರ್ಥವು ಅದನ್ನು ಬರೆಯುವ ಅಕ್ಷರಗಳಲ್ಲಿಯೇ ಇದೆಯೆಂದೂ, ಅಕ್ಷರಗಳನ್ನು ಬಿಡಿಸಿದರೆ ಶಬ್ದದ ಮೂಲವು ದೊರೆಯುವುದೆಂದೂ ನಂಬುತ್ತಾರೆ. ಮೊದಲನೆಯದು ಪೂರ್ಣವಾಗಿ ತಪ್ಪು. ಎರಡನೆಯದು ಅರ್ಧ ಮಾತ್ರ ನಿಜ. ಅಕ್ಷರಕ್ಕೂ ಶಬ್ದಕ್ಕೂ ಆ ದೇಶದಲ್ಲಿ ಏರ್ಪಟ್ಟ ಸಂಬಂಧವು ಎಂತಹುದು, ಅದರಿಂದ ಭಾಷೆಗಾದ ಲಾಭವೇನು, ಹಾನಿಯೇನು ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶವಾಗಿದೆ.

೨

ಚೀನೀ ಮತ್ತು ಜಪಾನೀ ಭಾಷೆಗಳ ಸ್ವಭಾವವು ಪರಸ್ಪರ ಭಿನ್ನವಾದುದು. ಪ್ರಾಚೀನ ಚೀನೀ ಭಾಷೆಯ ಶಬ್ದಗಳು ಬಹುಮಟ್ಟಿಗೆ ಏಕಾಕ್ಷರಗಳು. ಅವುಗಳಿಗೆ ವಿಭಕ್ತಿಪ್ರತ್ಯಯಗಳಿಲ್ಲ, ಕ್ರಿಯಾಪದಗಳಿಗೆ ಕಾಲಸೂಚಕ ಪ್ರತ್ಯಯಗಳಿಲ್ಲ. ಶಬ್ದಗಳ ಸ್ಥಾನದಿಂದಲೇ ಅನ್ವಯವು ತಿಳಿಯುತ್ತದೆ. ಸ್ವರದ ಏರಿಳಿತವು ಅರ್ಥವನ್ನು ಭೇದಿಸುತ್ತದೆ. ಜಪಾನೀ ಭಾಷೆಯ ಶಬ್ದಗಳು ಹಲವು ಅಕ್ಷರಗಳುಳ್ಳವು. ನಾಮಪದಗಳ ಮೇಲೆ ಕಾರಕಸೂಚಕಗಳೂ, ಧಾತುಗಳ ಮೇಲೆ ಪ್ರತ್ಯಯಗಳೂ ಒಂದರಮೇಲೊಂದು ಸೇರುತ್ತವೆ. ಕರ್ತೃವು ಮೊದಲು, ಕರ್ಮವು ಬಳಿಕ, ಕ್ರಿಯಾಪದವು ಕೊನೆಯಲ್ಲಿ. ‘ನೀರನ್ನು ಕುಡಿ’ ಎಂಬಲ್ಲಿ ಕನ್ನಡದ ಕ್ರಮವು ಹೇಗೋ ಜಪಾನೀ ಕ್ರಮವೂ ಹಾಗೆಯೇ. ಇಷ್ಟರಿಂದ ಕನ್ನಡಕ್ಕೂ ಜಪಾನೀ ಭಾಷೆಗೂ ಬಾಂಧವ್ಯವನ್ನು ಕಲ್ಪಿಸುವುದು ಸಾಧುವಲ್ಲ. ಆದರೆ ಜಪಾನೀಯರಿಗೆ ಬಂದ ಕಷ್ಟವೇನೆಂಬುದನ್ನು ತಿಳಿಯಲು ಈ ಸಾದೃಶ್ಯವು ಕನ್ನಡಿಗ ವಾಚಕನಿಗೆ ನೆರವಾಗುತ್ತದೆ.

ಚೀನೀ ಲಿಪಿಯು ಚೀನೀ ಭಾಷೆಗೆಂದೇ ಹುಟ್ಟಿದುದು. ಅದರ ಒಂದೊಂದು ಅಕ್ಷರವೂ ಆ ಭಾಷೆಯ ಒಂದೊಂದು ಏಕಾಕ್ಷರ ಶಬ್ದವನ್ನು ನಿಲ್ಲಿಸುತ್ತದೆ. ಅದು ಕೇವಲ ಭಾವಚಿತ್ರವೆಂಬ ಮಾತು ಪ್ರಚಾರದಲ್ಲಿದ್ದರೂ ನಿಜವಲ್ಲ. ಅಕ್ಷರಗಳಲ್ಲಿ ಹೆಚ್ಚಿನವು ಅರ್ಥವನ್ನು ಸೂಚಿಸುವ ಒಂದು ಭಾಗವನ್ನೂ ಉಚ್ಚಾರಣೆಯನ್ನು ಸೂಚಿಸುವ ಇನ್ನೊಂದು ಭಾಗವನ್ನೂ ಕೂಡಿಸಿ ರಚಿಸಿದವು. ಹೀಗೆ ರೂಪ, ಧ್ವನಿ, ಅರ್ಥ ಎಂಬ ಮೂರು ಎಳೆಗಳು ಅದರಲ್ಲಿ ಹೆಣೆದುಕೊಂಡಿವೆ. ಇಂತಹ ಲಿಪಿಯು ಪ್ರತ್ಯಯಪ್ರಧಾನವಾದ ಭಾಷೆಯೊಂದರ ನೆಲಕ್ಕೆ ಬಂದಾಗ ಮೂರು ಎಳೆಗಳೂ ಕೂಡಿಯೇ ಉಳಿಯುವುದು ಅಸಾಧ್ಯವಾಯಿತು.

ಈ ಅಕ್ಷರಗಳನ್ನು ಜಪಾನೀಯರು ‘ಕಂಜಿ’, ಎಂದರೆ ‘ಹನ್ ಜನರ ಅಕ್ಷರ’ಗಳೆನ್ನುತ್ತಾರೆ. ಕ್ರಿ. ಶ. ೫೭ರಲ್ಲಿ ಚೀನದ ಸಾಮ್ರಾಟನು ಜಪಾನಿನ ಒಬ್ಬ ಅರಸನ ದೂತನಿಗೆ ಮುದ್ರೆಯೊಂದನ್ನು ದಯಪಾಲಿಸಿದನೆಂದು ಚೀನೀ ಇತಿಹಾಸಗ್ರಂಥವು ಹೇಳುತ್ತದೆ. ೧೭೮೪ರಲ್ಲಿ ಶಿಕನೊಶಿಮ ಎಂಬಲ್ಲಿ ದೊರೆತ ಚಿನ್ನದ ಮುದ್ರೆಯು ಅದೇ ಎಂದು ಬಹುಮಂದಿ ವಿದ್ವಾಂಸರು ಎಣಿಸುತ್ತಾರೆ. ಆದರೆ ಮುದ್ರೆ ಬಂದ ಮಾತ್ರಕ್ಕೆ ಬರೆಹ ಬಂದಂತಾಗಲಿಲ್ಲ. ಕೊರಿಯದ ಪೆಕ್ಚೆ ರಾಜ್ಯದಿಂದ ಬಂದ ವಿದ್ವಾಂಸರೇ ಚೀನೀ ವಿದ್ಯೆಯನ್ನು ಕಲಿಸಿದರೆಂಬುದು ಜಪಾನಿನ ಐತಿಹ್ಯ. ಇನಾರಿಯಾಮ ಎಂಬ ಸಮಾಧಿದಿಬ್ಬದಲ್ಲಿ ದೊರೆತ ಕತ್ತಿಯೊಂದರ ಮೇಲೆ ಚಿನ್ನದಿಂದ ಕೆತ್ತಿದ ೧೧೫ ಅಕ್ಷರಗಳ ಶಾಸನವಿರುವುದು ೧೯೭೮ರಲ್ಲಿ ಬೆಳಕಿಗೆ ಬಂದಿತು. ಅದರ ಕಾಲವು ಕ್ರಿ. ಶ. ೪೭೧ ಎಂಬುದು ಹೆಚ್ಚಾಗಿ ಒಪ್ಪಿರುವ ನಿರ್ಣಯ. ಶಾಸನದ ಭಾಷೆ ಚೀನೀ. ಆದರೆ ‘ವಕತಕೆರು’ ಎಂಬ ಅರಸನ ಹೆಸರು ಮೊದಲಾದ ಜಪಾನೀ ನಾಮಗಳನ್ನು ಬರೆಯುವಲ್ಲಿ ಅಕ್ಷರಗಳ ಅರ್ಥವನ್ನು ಬಿಟ್ಟು ಧ್ವನಿಯನ್ನು ಮಾತ್ರ ತೆಗೆದುಕೊಂಡಿದ್ದಾರೆ. ಎಳೆಗಳು ಬಿಚ್ಚತೊಡಗಿದುದನ್ನು ಇಲ್ಲಿ ಕಾಣಬಹುದು.

೩

ಜಪಾನೀ ಶಬ್ದವನ್ನು ಚೀನೀ ಅಕ್ಷರದಿಂದ ಬರೆಯಲು ಎರಡು ದಾರಿಗಳಿದ್ದುವು. ಒಂದು, ಅಕ್ಷರದ ಅರ್ಥವನ್ನು ಬಿಟ್ಟು ಧ್ವನಿಯನ್ನು ಹಿಡಿಯುವುದು. ಇನ್ನೊಂದು, ಧ್ವನಿಯನ್ನು ಬಿಟ್ಟು ಅರ್ಥವನ್ನು ಹಿಡಿದು ಅದೇ ಅರ್ಥದ ಜಪಾನೀ ಶಬ್ದವನ್ನು ಉಚ್ಚರಿಸುವುದು. ಕ್ರಿ. ಶ. ೭೧೨ರಲ್ಲಿ ‘ಕೊಜಿಕಿ’ ಎಂಬ ಪ್ರಾಚೀನ ವೃತ್ತಾಂತಗ್ರಂಥವನ್ನು ಬರೆದು ಮುಗಿಸಿದ ಓ ನೊ ಯಸುಮರೊ ತನ್ನ ಪೀಠಿಕೆಯಲ್ಲಿ ಈ ಸಂಕಟವನ್ನೇ ಹೇಳಿಕೊಂಡಿದ್ದಾನೆ. ಎಲ್ಲವನ್ನೂ ಅರ್ಥದಿಂದ ಬರೆದರೆ ಮಾತು ಮನಸ್ಸನ್ನು ಮುಟ್ಟುವುದಿಲ್ಲ. ಎಲ್ಲವನ್ನೂ ಧ್ವನಿಯಿಂದ ಬರೆದರೆ ಬರೆಹವು ಅತಿದೀರ್ಘವಾಗುತ್ತದೆ. ಆದಕಾರಣ ಎರಡನ್ನೂ ಬೆರಸಿ ಬರೆದುದಾಗಿ ಅವನ ಮಾತಿನ ತಾತ್ಪರ್ಯ. ಈ ಮಿಶ್ರಣವೇ ಮುಂದೆ ಜಪಾನೀ ಬರೆಹದ ಧರ್ಮವಾಗಿ ನಿಂತಿತು.

ಅಕ್ಷರವನ್ನು ಚೀನೀ ಉಚ್ಚಾರಣೆಯನ್ನು ಅನುಸರಿಸಿ ಓದುವುದು ‘ಒನ್’. ಅದರ ಅರ್ಥಕ್ಕೆ ಸರಿಯಾದ ಜಪಾನೀ ಶಬ್ದದಿಂದ ಓದುವುದು ‘ಕುನ್’. ಕನ್ನಡವನ್ನು ಚೀನೀ ಅಕ್ಷರಗಳಲ್ಲಿ ಬರೆಯುತ್ತಿದ್ದರೆಂದು ಕ್ಷಣಕಾಲ ಭಾವಿಸಿದರೆ ಈ ವಿಷಯ ಸುಲಭವಾಗಿ ತಿಳಿಯುತ್ತದೆ. ಆಗ ನೀರಿನ ಅಕ್ಷರವೊಂದೇ ಬಂದ ಕಡೆ ವಾಚಕನು ‘ನೀರು’ ಎಂದು ಓದುವನು. ಅದೇ ಅಕ್ಷರವು ಶಕ್ತಿಯ ಅಕ್ಷರದೊಡನೆ ಬಂದ ಕಡೆ ‘ಜಲಶಕ್ತಿ’ ಎಂದು ಓದುವನು. ಜಪಾನಿನಲ್ಲಿ ನಡೆದಿರುವುದು ಇದೇ. ನೀರಿನ ಅಕ್ಷರವು ತಾನೊಂದೇ ಇದ್ದಾಗ ‘ಮಿಜು’. ಜಲಶಕ್ತಿಯೆಂಬ ಅರ್ಥದ ಸಮಾಸದಲ್ಲಿ ‘ಸುಯಿರ್ಯೊಕು’. ಕುನ್ ಎಂಬುದು ದೇಶ್ಯಕ್ಕೂ ಒನ್ ಎಂಬುದು ಎರವಲಾಗಿ ಬಂದ ಶಾಸ್ತ್ರೀಯ ಶಬ್ದಕ್ಕೂ ಸಮಾನ. ಭೇದವಿಷ್ಟೇ: ಕನ್ನಡದಲ್ಲಿ ‘ನೀರು’ ‘ಜಲ’ ಎಂಬೆರಡನ್ನು ಬರೆಹವು ಬೇರೆ ಬೇರೆಯಾಗಿ ತೋರಿಸುತ್ತದೆ, ಜಪಾನಿನಲ್ಲಿ ಒಂದೇ ಅಕ್ಷರದ ಕೆಳಗೆ ಎರಡೂ ಅಡಗಿವೆ.

ಇಂತಹ ಓದು ಭಾರತೀಯರಿಗೂ ಪೂರ್ಣವಾಗಿ ಹೊಸದಲ್ಲ. ಎರಡು ಎಂಬ ಸಂಖ್ಯೆಯ ಅಂಕಿಯನ್ನು ಕನ್ನಡಿಗನು ‘ಎರಡು’ ಎಂದೂ, ತೆಲುಗರು ‘ರೆಂಡು’ ಎಂದೂ, ಹಿಂದೀ ಜನರು ‘ದೋ’ ಎಂದೂ ಓದುತ್ತಾರೆ. ಅಂಕಿಯಲ್ಲಿ ಈ ಶಬ್ದಗಳಾವುವೂ ಇಲ್ಲ, ಓದುವವನ ನಾಲಗೆಯಲ್ಲಿವೆ. ‘೨ನೆಯ’ ಎಂದು ಬರೆದಾಗ ಕೊನೆಯ ‘ನೆಯ’ ಎಂಬುದು ‘ಎರಡನೆಯ’ ಎಂದು ಓದಬೇಕೆಂಬುದನ್ನು ಸೂಚಿಸುತ್ತದೆ. ಜಪಾನೀ ಕ್ರಿಯಾಪದಗಳನ್ನು ಬರೆಯುವ ಕ್ರಮವೂ ಇದೇ: ಧಾತುವಿಗೆ ಚೀನೀ ಅಕ್ಷರ, ಪ್ರತ್ಯಯಕ್ಕೆ ‘ಕನ’ ಎಂಬ ಧ್ವನಿಲಿಪಿ. ಜೀವ ಎಂಬರ್ಥದ ಅಕ್ಷರವೊಂದೇ ಮುಂದಣ ಕನ ಅಕ್ಷರಗಳನ್ನನುಸರಿಸಿ ‘ಇಕಿರು’ (ಬದುಕು), ‘ಉಮರೆರು’ (ಹುಟ್ಟು), ‘ಹಯೆರು’ (ಮೊಳೆ) ಎಂದು ಮೂರು ಶಬ್ದಗಳಾಗುತ್ತದೆ. ಒಂಟಿಯಾಗಿ ‘ನಮ’ (ಹಸಿ) ಎಂದಾಗುತ್ತದೆ. ಒನ್ ಓದಿನಲ್ಲಿ ‘ಸೇ’ ಎಂದೂ ‘ಶೋ’ ಎಂದೂ ಆಗುತ್ತದೆ.

೪

ಒನ್ ಓದುಗಳೇ ಒಂದಕ್ಕಿಂತ ಹೆಚ್ಚಾಗಿರುವುದಕ್ಕೆ ಇತಿಹಾಸವು ಕಾರಣ. ಚೀನೀ ಶಬ್ದಗಳು ಜಪಾನಿಗೆ ಒಂದೇ ಕಾಲದಲ್ಲಿ, ಒಂದೇ ಪ್ರಾಂತದಿಂದ ಬರಲಿಲ್ಲ. ಐದು ಆರನೆಯ ಶತಮಾನಗಳಲ್ಲಿ ದಕ್ಷಿಣ ಚೀನದ ಉಚ್ಚಾರಣೆಯನ್ನು ಹೋಲುವ ಪದರವೊಂದು ಬಂದಿತು. ಇದು ‘ಗೊ-ಒನ್’. ಬೌದ್ಧಶಾಸ್ತ್ರದ ಮಾತುಗಳಲ್ಲಿ ಇದೇ ಹೆಚ್ಚು. ಏಳರಿಂದ ಒಂಬತ್ತನೆಯ ಶತಮಾನದವರೆಗೆ ತಾಂಗ್ ರಾಜಧಾನಿಗೆ ಹೋಗಿಬಂದ ರಾಯಭಾರಿಗಳೂ ವಿದ್ಯಾರ್ಥಿಗಳೂ ಅಲ್ಲಿಯ ಶಿಷ್ಟೋಚ್ಚಾರಣೆಯನ್ನು ತಂದರು. ಇದು ‘ಕನ್-ಒನ್’. ಆ ಬಳಿಕ ಝೆನ್ ಸನ್ಯಾಸಿಗಳಿಂದಲೂ ವರ್ತಕರಿಂದಲೂ ಬಂದ ಓದುಗಳು ‘ತೋ-ಒನ್’. ಹೊಸದು ಬಂದಾಗ ಹಳೆಯದು ಹೋಗಲಿಲ್ಲ. ನಡೆ ಎಂಬರ್ಥದ ಅಕ್ಷರವು ತಪಸ್ಸು ಸಾಧನೆ ಎಂಬರ್ಥದ ‘ಶುಗ್ಯೋ’ ಎಂಬಲ್ಲಿ ‘ಗ್ಯೋ’. ಪ್ರಯಾಣವೆಂಬರ್ಥದ ‘ರ್ಯೊಕೋ’ ಎಂಬಲ್ಲಿ ‘ಕೋ’. ಕಾಗದದ ದೀಪವೆಂಬರ್ಥದ ‘ಅಂದೊನ್’ ಎಂಬಲ್ಲಿ ‘ಅನ್’. ಒಂದೇ ಅಕ್ಷರದಲ್ಲಿ ಮೂರು ಯುಗಗಳ ಚೀನವು ನಿಂತಿದೆ. ಈ ಕಾರಣದಿಂದಲೇ ಪ್ರಾಚೀನ ಚೀನೀ ಉಚ್ಚಾರಣೆಯನ್ನು ಪುನಾರಚಿಸಲು ಹೊರಟ ಸ್ವೀಡನ್ನಿನ ವಿದ್ವಾಂಸ ಬರ್ನಾರ್ಡ್ ಕಾರ್ಲ್‌ಗ್ರೆನ್ ಜಪಾನೀ ಓದುಗಳನ್ನೂ ಸಾಕ್ಷ್ಯವಾಗಿ ಬಳಸಿದನು. ದೇಶವೆಂಬರ್ಥದ ಶಬ್ದದ ಕೊನೆಯಲ್ಲಿದ್ದ ಕಕಾರವು ಉತ್ತರ ಚೀನದ ಈಗಿನ ನುಡಿಯಲ್ಲಿ ಲೋಪವಾಗಿದ್ದರೂ ಜಪಾನಿನ ‘ಕೊಕು’ ಎಂಬ ರೂಪದಲ್ಲಿ ಉಳಿದುಬಂದಿದೆ.

ಆದರೆ ಈ ಎರವಿನಿಂದ ಒಂದು ತೊಡಕೂ ಉಂಟಾಯಿತು. ಚೀನೀ ಭಾಷೆಯ ಸ್ವರದ ಏರಿಳಿತಗಳನ್ನು ಜಪಾನೀಯರು ಉಳಿಸಿಕೊಳ್ಳಲಿಲ್ಲ. ಅಲ್ಲಿಯ ಹಲವು ಧ್ವನಿಭೇದಗಳು ಇಲ್ಲಿ ಒಂದಾಗಿ ಹೋದುವು. ಮೂಲದಲ್ಲಿ ಬೇರೆ ಬೇರೆಯಾಗಿದ್ದ ಶಬ್ದಗಳು ಜಪಾನಿನ ಕಿವಿಗೆ ಒಂದೇ ಆದುವು. ‘ಕೋಶೋ’ ಎಂದರೆ ಸಂಧಾನವೂ ಆಗಬಹುದು, ಉದಾತ್ತತೆಯೂ ಆಗಬಹುದು, ಪ್ರಾಚೀನ ವಿಷಯಗಳ ಪ್ರಮಾಣಪರೀಕ್ಷೆಯೂ ಆಗಬಹುದು, ಅದಿರಿನ ನಿಕ್ಷೇಪವೂ ಆಗಬಹುದು, ಬಾಯಿಂದ ಬಾಯಿಗೆ ಬಂದ ಪರಂಪರೆಯೂ ಆಗಬಹುದು. ಕಾಗದದ ಮೇಲೆ ಇವು ಐದು ಶಬ್ದಗಳು, ಕಿವಿಗೆ ಒಂದೇ. ಈ ಸಮೋಚ್ಚಾರಣೆಯ ಪ್ರಶ್ನೆಯು ಮುಂದೆ ರಾಷ್ಟ್ರದ ಪ್ರಶ್ನೆಯೇ ಆಯಿತು.

೫

ಧ್ವನಿಲಿಪಿಯ ವಿಷಯವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಎಂಟನೆಯ ಶತಮಾನದ ‘ಮನ್‌ಯೋಶೂ’ ಎಂಬ ಇಪ್ಪತ್ತು ಸಂಪುಟಗಳ ಕವಿತಾಸಂಗ್ರಹದಲ್ಲಿ ಚೀನೀ ಅಕ್ಷರಗಳನ್ನು ಧ್ವನಿಗೆಂದೇ ಹೇರಳವಾಗಿ ಬಳಸಿದ್ದಾರೆ. ಒಂದು ಸಣ್ಣ ಪ್ರತ್ಯಯಕ್ಕಾಗಿ ಹತ್ತು ಗೀಟುಗಳ ಅಕ್ಷರವನ್ನು ಬರೆಯುವುದು ಶ್ರಮದ ಕೆಲಸ. ಒಂಬತ್ತನೆಯ ಶತಮಾನದ ವೇಳೆಗೆ ಈ ಅಕ್ಷರಗಳು ಎರಡು ಬಗೆಯಾಗಿ ಸಂಕ್ಷೇಪಗೊಂಡುವು. ಗ್ರಂಥಗಳ ಅಂಚಿನಲ್ಲಿ ಟಿಪ್ಪಣಿ ಬರೆಯುತ್ತಿದ್ದ ಭಿಕ್ಷುಗಳು ಅಕ್ಷರದ ಒಂದು ಭಾಗವನ್ನು ಮಾತ್ರ ಬರೆದುದರಿಂದ ‘ಕತಕನ’ವೂ, ಇಡೀ ಅಕ್ಷರವನ್ನು ವೇಗವಾಗಿ ತಿರುಗಿಸಿ ಬರೆದುದರಿಂದ ‘ಹಿರಗನ’ವೂ ಹುಟ್ಟಿದುವು. ಕೂಡಿಸು ಎಂಬರ್ಥದ ಒಂದೇ ಅಕ್ಷರದಿಂದ ಎರಡು ಲಿಪಿಗಳ ‘ಕ’ಕಾರವೂ ಬಂದಿದೆ.

ಈ ಕನ ಅಕ್ಷರಗಳನ್ನು ಜೋಡಿಸಿರುವ ಕ್ರಮವು ಭಾರತೀಯರಿಗೆ ಆಶ್ಚರ್ಯವನ್ನೂ ಸಂತೋಷವನ್ನೂ ಉಂಟುಮಾಡತಕ್ಕುದು. ಅ, ಇ, ಉ, ಎ, ಒ. ಬಳಿಕ ಕ, ಸ, ತ, ನ, ಹ, ಮ, ಯ, ರ, ವ. ಹಕಾರದ ಸಾಲು ಪ್ರಾಚೀನಕಾಲದಲ್ಲಿ ಪಕಾರವಾಗಿದ್ದಿತೆಂಬುದನ್ನೂ, ಸಕಾರವು ಚಕಾರದ ಸ್ಥಾನದಲ್ಲಿ ನಿಂತಿದೆಯೆಂಬುದನ್ನೂ ನೆನೆದರೆ ಇದು ಸಂಸ್ಕೃತ ವರ್ಣಮಾಲೆಯ ಕ್ರಮವೇ ಎಂಬುದು ಸ್ಪಷ್ಟವಾಗುತ್ತದೆ. ಬೌದ್ಧಮಂತ್ರಗಳಿಗಾಗಿ ಸಿದ್ಧಂ ಲಿಪಿಯನ್ನು ಅಭ್ಯಾಸಮಾಡಿದ ಭಿಕ್ಷುಗಳಿಂದ ಈ ಕ್ರಮವು ಬಂದಿತು.

ಹನ್ನೊಂದನೆಯ ಶತಮಾನದ ಆದಿಯಲ್ಲಿ ಮುರಸಕಿ ಶಿಕಿಬು ಎಂಬ ರಾಜಸಭೆಯ ಮಹಿಳೆಯು ರಚಿಸಿದ ‘ಗೆಂಜಿ ಮೊನೊಗತರಿ’ ಎಂಬ ಮಹಾಕಥೆಯನ್ನು ಬಹುಮಟ್ಟಿಗೆ ಹಿರಗನದಲ್ಲಿಯೇ ಬರೆಯುತ್ತಿದ್ದರು. ಜಪಾನೀ ಸಾಹಿತ್ಯದ ಶಿಖರವೆನಿಸಿದ ಗ್ರಂಥವೇ ಕಂಜಿಯ ಹಂಗಿಲ್ಲದೆ ನಿಲ್ಲಬಲ್ಲುದಾದರೆ, ಜಪಾನೀ ಶಬ್ದದ ಜೀವವು ಕಂಜಿಯಲ್ಲಿದೆಯೆಂಬ ಮಾತು ಸಲ್ಲುವುದಿಲ್ಲ.

೬

ಶಬ್ದವೂ ಅಕ್ಷರವೂ ಬೇರೆ ಬೇರೆ ಎಂಬುದನ್ನು ಇನ್ನೂ ಹಲವು ನಿದರ್ಶನಗಳಿಂದ ಸಾಧಿಸಬಹುದು.

ಮೊದಲನೆಯದು, ಒಂದೇ ಶಬ್ದಕ್ಕೆ ಹಲವು ಅಕ್ಷರಗಳು. ‘ತೊರು’ ಎಂಬ ಕ್ರಿಯಾಪದಕ್ಕೆ ಹಿಡಿ, ತೆಗೆದುಕೊ ಎಂದರ್ಥ. ಸಾಮಾನ್ಯವಾಗಿ ತೆಗೆದುಕೊಳ್ಳುವುದಕ್ಕೆ ಒಂದು ಅಕ್ಷರ, ಆರಿಸಿ ತೆಗೆಯುವುದಕ್ಕೆ ಇನ್ನೊಂದು, ಬೇಟೆಯನ್ನು ಹಿಡಿಯುವುದಕ್ಕೆ ಬೇರೊಂದು, ಛಾಯಾಚಿತ್ರವನ್ನು ತೆಗೆಯುವುದಕ್ಕೆ ಮತ್ತೊಂದು. ಮಾತನಾಡುವವನಿಗೆ ಇದು ಒಂದೇ ಕ್ರಿಯಾಪದ. ಚೀನೀ ಭಾಷೆಯು ಈ ಅರ್ಥಗಳಿಗೆ ಬೇರೆ ಬೇರೆ ಶಬ್ದಗಳನ್ನಿಟ್ಟಿದ್ದುದರಿಂದ ಜಪಾನಿನ ಒಂದು ಶಬ್ದವನ್ನು ಬರೆಹವು ಹಲವಾಗಿ ಸೀಳಿತು.

ಎರಡನೆಯದು, ಧ್ವನಿಗೆಂದು ಮಾತ್ರ ಇಟ್ಟ ಅಕ್ಷರಗಳು. ‘ಸುಶಿ’ ಎಂಬ ಆಹಾರದ ಹೆಸರನ್ನು ದೀರ್ಘಾಯುಸ್ಸು, ಅಧಿಕಾರ ಎಂಬರ್ಥದ ಎರಡು ಅಕ್ಷರಗಳಿಂದ ಬರೆಯುವುದುಂಟು. ಹುಳಿ ಎಂಬರ್ಥದ ಪ್ರಾಚೀನ ವಿಶೇಷಣದಿಂದ ಬಂದ ಈ ಮಾತಿಗೂ ಆಯುಸ್ಸಿಗೂ ಯಾವ ಸಂಬಂಧವೂ ಇಲ್ಲ. ಮಂಗಳಕರವೆಂದು ಅವನ್ನು ಆರಿಸಿದರು. ಸಂಸ್ಕೃತ ಶಬ್ದಗಳೂ ಈ ದಾರಿಯಿಂದಲೇ ಜಪಾನನ್ನು ಸೇರಿದುವು. ಸಂಸ್ಕೃತದ ‘ಕ್ಷಣ’ವನ್ನು ಚೀನದ ಭಾಷಾಂತರಕಾರರು ಧ್ವನಿಯಿಂದ ಬರೆದುದು ಜಪಾನಿನಲ್ಲಿ ‘ಸೆತ್ಸುನ’ ಆಯಿತು; ‘ನರಕ’ವು ‘ನರಕು’ ಆಯಿತು; ‘ದಾನ’ ಎಂಬುದು ದಾನಿಯನ್ನು ಸೂಚಿಸಿ, ಬಳಿಕ ಯಜಮಾನನನ್ನು ಸೂಚಿಸಿ, ‘ದನ್ನ’ ಎಂಬ ರೂಪದಲ್ಲಿ ಗಂಡನೆಂಬ ಅರ್ಥಕ್ಕೆ ನಿಂತಿತು. ಇವುಗಳ ಮೂಲವನ್ನು ಅಕ್ಷರಗಳ ಅರ್ಥದಲ್ಲಿ ಹುಡುಕುವವನು ಎಂದಿಗೂ ಕಾಣಲಾರನು.

ಮೂರನೆಯದು, ಅರ್ಥಕ್ಕೆಂದು ಮಾತ್ರ ಇಟ್ಟ ಅಕ್ಷರಗಳು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರೊಡನೆ ನಡೆದ ವ್ಯವಹಾರದಿಂದ ‘ತಬಕೊ’ ಎಂಬ ಶಬ್ದವು ಜಪಾನಿಗೆ ಬಂದಿತು. ಕನ್ನಡದ ‘ತಂಬಾಕು’ ಎಂಬುದೂ ಇದೇ ಮೂಲದ ಮಾತು. ಜಪಾನೀಯರು ಇದನ್ನು ಹೊಗೆ, ಹುಲ್ಲು ಎಂಬೆರಡು ಅಕ್ಷರಗಳಿಂದ ಬರೆದರು. ಆ ಅಕ್ಷರಗಳ ಯಾವ ಒನ್ ಓದಿನಲ್ಲಿಯೂ ಯಾವ ಕುನ್ ಓದಿನಲ್ಲಿಯೂ ‘ತಬಕೊ’ ಎಂಬ ಧ್ವನಿಯಿಲ್ಲ. ಯೂರೋಪಿನ ಶಬ್ದವು ಚೀನದ ಉಡುಪನ್ನು ತೊಟ್ಟು ಜಪಾನಿನಲ್ಲಿ ನೆಲಸಿತು.

ನಾಲ್ಕನೆಯದು, ಜಪಾನಿನಲ್ಲಿಯೇ ಸೃಷ್ಟಿಸಿದ ಅಕ್ಷರಗಳು. ಬೆಟ್ಟದ ಕಣಿವೆದಾರಿಯ ತುದಿಗೆ ಜಪಾನಿನಲ್ಲಿ ‘ತೋಗೆ’ ಎಂಬ ಮಾತಿದ್ದಿತು, ಚೀನದಲ್ಲಿ ಅದಕ್ಕೊಪ್ಪುವ ಅಕ್ಷರವಿರಲಿಲ್ಲ. ಬೆಟ್ಟ, ಮೇಲೆ, ಕೆಳಗೆ ಎಂಬ ಮೂರನ್ನು ಕೂಡಿಸಿ ಹೊಸ ಅಕ್ಷರವನ್ನು ಮಾಡಿದರು. ಮನುಷ್ಯ, ಚಲನೆ ಎಂಬೆರಡನ್ನು ಕೂಡಿಸಿ ದುಡಿ ಎಂಬರ್ಥದ ‘ಹತರಕು’ ಎಂಬುದನ್ನು ಬರೆದರು. ಇಲ್ಲೆಲ್ಲ ಮಾತು ಮೊದಲು, ಅಕ್ಷರ ಬಳಿಕ.

೭

ಹೀಗೆಂದ ಮಾತ್ರಕ್ಕೆ ಲಿಪಿಯು ಶಬ್ದಸಮುದಾಯದ ಮೇಲೆ ಪ್ರಭಾವವನ್ನೇ ಬೀರಲಿಲ್ಲವೆನ್ನುವುದು ಇನ್ನೊಂದು ಅತಿಯಾಗುತ್ತದೆ. ಬರೆಹದಿಂದಲೇ ಹುಟ್ಟಿದ ಶಬ್ದಗಳು ಜಪಾನಿನಲ್ಲಿ ಬಹಳ. ಮೂಲಂಗಿಗೆ ಪ್ರಾಚೀನ ಜಪಾನೀ ಹೆಸರು ‘ಓನೆ’, ಎಂದರೆ ದೊಡ್ಡ ಬೇರು. ಅದನ್ನು ದೊಡ್ಡ, ಬೇರು ಎಂಬ ಎರಡು ಅಕ್ಷರಗಳಿಂದ ಬರೆದರು. ಕಾಲಕ್ರಮದಲ್ಲಿ ಆ ಅಕ್ಷರಗಳನ್ನು ಒನ್ ಓದಿನಿಂದ ‘ದೈಕೊನ್’ ಎಂದು ಓದಲಾರಂಭಿಸಿದರು. ಈಗ ಮಾರುಕಟ್ಟೆಯಲ್ಲಿ ಎಲ್ಲರ ಬಾಯಲ್ಲಿರುವುದು ‘ದೈಕೊನ್’ ಎಂಬ ಮಾತೇ. ಮರುಮಾತೆಂಬರ್ಥದ ‘ಕಯೆರಿಗೊತೊ’ ಎಂಬುದು ಇದೇ ರೀತಿಯಲ್ಲಿ ‘ಹೆಂಜಿ’ ಆಯಿತು. ಬೆಂಕಿಯ ಅನಾಹುತವೆಂಬರ್ಥದ ‘ಹಿ ನೊ ಕೊತೊ’ ಎಂಬುದು ‘ಕಜಿ’ ಆಯಿತು. ಚೀನದಿಂದ ಬಂದಂತೆ ಕಾಣುವ ಇವು ಚೀನದ ಶಬ್ದಗಳಲ್ಲ. ಜಪಾನೀ ಮಾತು ಕಾಗದದ ಮೇಲೆ ಇಳಿದು, ಬೇರೆ ವೇಷದಲ್ಲಿ ಮರಳಿ ಬಾಯಿಗೆ ಏರಿದುದು.

ಕನ್ನಡದ ಲಾಕ್ಷಣಿಕರು ಸಂಸ್ಕೃತ ಶಬ್ದವನ್ನೂ ಕನ್ನಡ ಶಬ್ದವನ್ನೂ ಕೂಡಿಸಿದ ಸಮಾಸವನ್ನು ಅರಿಸಮಾಸವೆಂದು ಕರೆದು, ರೂಢಿಯಲ್ಲಿ ನಿಂತ ಕೆಲವನ್ನುಳಿದು ನಿಷೇಧಿಸಿದರು. ಜಪಾನಿನ ವೈಯಾಕರಣರೂ ಒನ್ ಕುನ್‌ಗಳ ಬೆರಕೆಯನ್ನು ಗುರುತಿಸಿ ಹೆಸರಿಟ್ಟಿದ್ದಾರೆ. ಪದರಪದರವಾದ ಊಟದ ಪೆಟ್ಟಿಗೆಗೆ ‘ಜೂಬಕೊ’ ಎಂದು ಹೆಸರು. ‘ಜೂ’ ಎಂಬುದು ಒನ್, ‘ಹಕೊ’ (ಪೆಟ್ಟಿಗೆ) ಎಂಬುದು ಕುನ್. ಆದುದರಿಂದ ಒನ್ ಮೊದಲಾಗಿ ಕುನ್ ಕೊನೆಯಾಗುವ ಓದಿಗೆ ಜೂಬಕೊ ಓದು ಎಂದೇ ಹೆಸರಾಯಿತು. ಇಲ್ಲಿ ‘ಹಕೊ’ ಎಂಬುದು ‘ಬಕೊ’ ಆಗಿರುವುದನ್ನು ಗಮನಿಸತಕ್ಕುದು. ಮಳೆ, ಕಾಲ ಎಂಬೆರಡು ಸೇರಿ ‘ಮಳೆಗಾಲ’ವಾಗುವಂತೆ ಜಪಾನೀ ಸಮಾಸದಲ್ಲಿಯೂ ಉತ್ತರಪದದ ಆದಿವ್ಯಂಜನವು ಮೃದುವಾಗುವುದುಂಟು, ಇದು ಹೆಚ್ಚಾಗಿ ದೇಶ್ಯಶಬ್ದಗಳಲ್ಲಿ ಆಗುತ್ತದೆ, ಒನ್ ಶಬ್ದಗಳಲ್ಲಿ ವಿರಳ. ಬರೆಹವು ಮುಚ್ಚಿಟ್ಟ ಕುಲಭೇದವನ್ನು ನಾಲಗೆಯು ಹೀಗೆ ಬಯಲುಮಾಡುತ್ತದೆ.

ಬರೆಹದ ಸೃಷ್ಟಿಶಕ್ತಿಯು ಪೂರ್ಣವಾಗಿ ಪ್ರಕಟವಾದುದು ಪಾಶ್ಚಾತ್ಯಶಾಸ್ತ್ರಗಳ ಭಾಷಾಂತರದಲ್ಲಿ. ಸುಗಿತ ಗೆಂಪಕು ಮೊದಲಾದವರು ೧೭೭೪ರಲ್ಲಿ ಡಚ್ ಭಾಷೆಯಿಂದ ಪರಿವರ್ತಿಸಿ ಪ್ರಕಟಿಸಿದ ‘ಕೈತೈ ಶಿನ್ಶೊ’ ಎಂಬ ಅಂಗರಚನಾಶಾಸ್ತ್ರದಲ್ಲಿ ನರ ಎಂಬರ್ಥಕ್ಕೆ ‘ಶಿಂಕೇ’ ಎಂಬ ಶಬ್ದವನ್ನು ಹೊಸದಾಗಿ ಕಟ್ಟಿದರು. ೧೮೭೪ರಲ್ಲಿ ನಿಶಿ ಅಮನೆ ತನ್ನ ಗ್ರಂಥದಲ್ಲಿ ತತ್ತ್ವಶಾಸ್ತ್ರಕ್ಕೆ ಪ್ರಾಜ್ಞ, ವಿದ್ಯೆ ಎಂಬ ಅಕ್ಷರಗಳಿಂದ ‘ತೆತ್ಸುಗಕು’ ಎಂಬ ಹೆಸರನ್ನು ಬಳಸಿದನು. ವಿದ್ಯುತ್ತು, ಮಾತು ಎಂಬೆರಡನ್ನು ಕೂಡಿಸಿ ದೂರವಾಣಿಗೆ ‘ದೆನ್ವ’ ಎಂದರು. ಸಂಸ್ಕೃತದ ಧಾತುಗಳಿಂದ ಕನ್ನಡವು ಪಾರಿಭಾಷಿಕ ಶಬ್ದಗಳನ್ನು ನಿರ್ಮಿಸಿಕೊಂಡಂತೆ ಜಪಾನೀಯರು ಚೀನೀ ಅಕ್ಷರಗಳಿಂದ ನಿರ್ಮಿಸಿಕೊಂಡರು. ೧೮೯೬ರಲ್ಲಿ ಚೀನದಿಂದ ಹದಿಮೂರು ವಿದ್ಯಾರ್ಥಿಗಳು ಜಪಾನಿಗೆ ಬಂದರು. ಬಳಿಕ ಸಾವಿರಾರು ಮಂದಿ ಬಂದರು. ಅವರ ಮೂಲಕವೂ ಭಾಷಾಂತರಗಳ ಮೂಲಕವೂ ಈ ಹೊಸ ಶಬ್ದಗಳಲ್ಲಿ ಬಹಳಷ್ಟು ಚೀನೀ ಭಾಷೆಯನ್ನು ಸೇರಿದುವು. ಅಕ್ಷರ ಒಂದೇ ಆದುದರಿಂದ ಅವುಗಳಿಗೆ ಭಾಷಾಂತರವೇ ಬೇಕಾಗಲಿಲ್ಲ; ಚೀನೀಯನು ತನ್ನ ಉಚ್ಚಾರಣೆಯಿಂದ ಓದಿಕೊಂಡನು. ಸಾವಿರದೈನೂರು ವರ್ಷಗಳ ಸಾಲದಲ್ಲಿ ಒಂದು ಭಾಗವು ಹೀಗೆ ತೀರಿತೆನ್ನಬಹುದು.

೮

ಈ ಎಲ್ಲದರಿಂದ ಏರ್ಪಟ್ಟ ಶಬ್ದಸಮುದಾಯವನ್ನು ಜಪಾನೀಯರು ಮೂರಾಗಿ ವಿಂಗಡಿಸುತ್ತಾರೆ: ದೇಶ್ಯವಾದ ‘ವಗೊ’, ಚೀನೀ ಅಕ್ಷರಗಳ ಒನ್ ಓದಿನಿಂದಾದ ‘ಕಂಗೊ’, ಉಳಿದ ವಿದೇಶಗಳಿಂದ ಬಂದ ‘ಗೈರೈಗೊ’. ೧೯೪೮ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಭಾಷಾ ಸಂಶೋಧನಾಲಯವು ೧೯೫೬ರ ತೊಂಬತ್ತು ಪತ್ರಿಕೆಗಳ ಭಾಷೆಯನ್ನು ಎಣಿಕೆಮಾಡಿತು. ಭಿನ್ನ ಭಿನ್ನ ಶಬ್ದಗಳನ್ನು ಒಂದೊಂದಾಗಿ ಎಣಿಸಿದಾಗ ಕಂಗೊ ನೂರಕ್ಕೆ ೪೭.೫, ವಗೊ ೩೬.೭. ಅದೇ ಶಬ್ದಗಳು ಎಷ್ಟು ಬಾರಿ ಪ್ರಯೋಗವಾಗಿವೆಯೆಂದು ಎಣಿಸಿದಾಗ ವಗೊ ೫೩.೯, ಕಂಗೊ ೪೧.೩. ನಿಘಂಟಿನಲ್ಲಿ ಚೀನೀ ಮೂಲಕ್ಕೆ ಮೇ‌ಲುಗೈ. ನಡೆನುಡಿಯಲ್ಲಿ ದೇಶ್ಯಕ್ಕೆ ಮೇಲುಗೈ.

ಲಿಪಿಯ ಭಾರವನ್ನು ಇಳಿಸಬೇಕೆಂಬ ವಾದವು ೧೮೬೬ರಷ್ಟು ಹಿಂದಿನದು. ಆ ವರ್ಷ ಮಯೆಜಿಮ ಹಿಸೊಕ ಎಂಬಾತನು ಕಂಜಿಯನ್ನು ತೊಲಗಿಸಿ ಕನದಿಂದಲೇ ವಿದ್ಯೆಯನ್ನು ಕಲಿಸಬೇಕೆಂದು ಶೋಗುನನಿಗೆ ಬಿನ್ನವತ್ತಳೆಯನ್ನು ಸಲ್ಲಿಸಿದನು. ಮಕ್ಕಳ ವಯಸ್ಸೆಲ್ಲ ಅಕ್ಷರಗಳನ್ನು ಕಲಿಯುವುದರಲ್ಲಿಯೇ ಕಳೆದರೆ ವಿಷಯವನ್ನು ಕಲಿಯುವುದು ಯಾವಾಗ ಎಂಬುದು ಅವನ ಪಕ್ಷದ ಸಾರ. ಕಂಜಿಯಿಲ್ಲದಿದ್ದರೆ ಸಮೋಚ್ಚಾರಿತ ಶಬ್ದಗಳನ್ನು ಬಿಡಿಸುವುದು ಹೇಗೆ ಎಂಬುದು ಎದುರುಪಕ್ಷ. ಎರಡು ಪಕ್ಷಗಳಲ್ಲಿಯೂ ಬಲವಿದ್ದುದರಿಂದ ವಾದವು ಎಂಬತ್ತು ವರ್ಷ ನಡೆಯಿತು. ಕೊನೆಗೆ ೧೯೪೬ರಲ್ಲಿ ಸರ್ಕಾರವು ಸಾಮಾನ್ಯ ಬಳಕೆಗೆಂದು ೧೮೫೦ ಅಕ್ಷರಗಳ ಪಟ್ಟಿಯನ್ನು ಪ್ರಕಟಿಸಿತು. ಪಟ್ಟಿಯ ಹೊರಗಿನ ಅಕ್ಷರಗಳಿಂದ ಬರೆಯುತ್ತಿದ್ದ ಶಬ್ದಗಳ ಗತಿಯೇನು ಎಂಬ ಪ್ರಶ್ನೆ ಒಡನೆಯೇ ಎದ್ದಿತು.

ಇದಕ್ಕೆ ಮೂರು ಉಪಾಯಗಳನ್ನು ಮಾಡಿದರು. ಒಂದು, ಶಬ್ದವನ್ನೇ ಬದಲಿಸುವುದು. ಎರಡು, ಅದೇ ಧ್ವನಿಯುಳ್ಳ ಪಟ್ಟಿಯ ಅಕ್ಷರವನ್ನಿಡುವುದು. ಇದಕ್ಕೆ ೧೯೫೬ರಲ್ಲಿ ಒಂದು ಸೂಚಿಯನ್ನೇ ಹೊರಡಿಸಿದರು. ವಿವೇಕವೆಂಬರ್ಥದ ‘ಚಿಯೆ’ ಎಂಬುದು ಮೊದಲು ಬೌದ್ಧರ ಪ್ರಜ್ಞೆಯನ್ನು ಸೂಚಿಸುವ ಗಂಭೀರವಾದ ಅಕ್ಷರಗಳಿಂದ ಕೂಡಿದ್ದಿತು. ಈ ಸೂಚಿಯಂತೆ ಅದರ ಎರಡನೆಯ ಅಕ್ಷರವು ಅನುಗ್ರಹವೆಂಬರ್ಥದ ಬೇರೊಂದಾಯಿತು. ಬರೆಹ ಬದಲಾಯಿತು, ‘ಚಿಯೆ’ ಎಂಬ ಮಾತಿಗಾಗಲಿ ಅದರ ಅರ್ಥಕ್ಕಾಗಲಿ ಕುಂದು ಬರಲಿಲ್ಲ. ಮೂರು, ಶಬ್ದದ ಅರ್ಧವನ್ನು ಕಂಜಿಯಲ್ಲಿಯೂ ಅರ್ಧವನ್ನು ಕನದಲ್ಲಿಯೂ ಬರೆಯುವುದು. ಈ ಮೂರನೆಯ ಉಪಾಯಕ್ಕೆ ಸಿಕ್ಕಿದ ಶಬ್ದಗಳಲ್ಲಿ ‘ಗೊಯಿ’ ಎಂಬುದೂ ಒಂದು. ಇದರ ಅರ್ಥವೇ ಶಬ್ದಸಮುದಾಯ. ಮಾತು ಎಂಬರ್ಥದ ‘ಗೊ’ ಪಟ್ಟಿಯಲ್ಲಿದ್ದಿತು. ಸಮೂಹವೆಂಬರ್ಥದ ‘ಇ’ ಇರಲಿಲ್ಲ. ಶಬ್ದಸಮುದಾಯವೆಂಬ ಶಬ್ದವನ್ನೇ ಪೂರ್ಣವಾಗಿ ಬರೆಯಲಾಗದೆ ಅರ್ಧ ಕಂಜಿ ಅರ್ಧ ಕನವಾಗಿ ಬರೆಯುವ ಸ್ಥಿತಿಯು ದಶಕಗಳವರೆಗೆ ನಡೆಯಿತು. ೧೯೮೧ರ ೧೯೪೫ ಅಕ್ಷರಗಳ ಹೊಸ ಪಟ್ಟಿಯಲ್ಲಿಯೂ ಅದಕ್ಕೆ ಎಡೆ ದೊರೆಯಲಿಲ್ಲ. ೨೦೧೦ರಲ್ಲಿ ಪಟ್ಟಿಯು ೨೧೩೬ಕ್ಕೆ ಬೆಳೆದಾಗ ದೊರೆಯಿತು. ಈ ಅವಧಿಯಲ್ಲೆಲ್ಲ ‘ಗೊಯಿ’ ಎಂಬ ಮಾತು ವಿದ್ವಾಂಸರ ಬಾಯಲ್ಲಿ ಅಖಂಡವಾಗಿಯೇ ಇದ್ದಿತೆಂಬುದು ಗಮನಾರ್ಹ.

ಸಮೋಚ್ಚಾರಿತ ಶಬ್ದಗಳ ತೊಡಕನ್ನು ಮಾತಾಡುವ ಜನರೇ ತಕ್ಕಮಟ್ಟಿಗೆ ಬಿಡಿಸಿಕೊಂಡಿದ್ದಾರೆ. ವಿಜ್ಞಾನವೂ ‘ಕಗಕು’, ರಸಾಯನಶಾಸ್ತ್ರವೂ ‘ಕಗಕು’. ಸಂದೇಹ ಬಂದಾಗ ರಸಾಯನಶಾಸ್ತ್ರದ ಮೊದಲ ಅಕ್ಷರವನ್ನು ಕುನ್ ಓದಿನಿಂದ ‘ಬಕೆ’ ಎಂದು ಓದಿ ‘ಬಕೆಗಕು’ ಎನ್ನುತ್ತಾರೆ. ಖಾಸಗಿಯಾಗಿ ಸ್ಥಾಪಿತವಾದುದೂ ನಗರಸಭೆ ಸ್ಥಾಪಿಸಿದುದೂ ‘ಶಿರಿತ್ಸು’. ಬೇಕಾದಾಗ ಮೊದಲನೆಯದನ್ನು ‘ವತಕುಶಿರಿತ್ಸು’, ಎರಡನೆಯದನ್ನು ‘ಇಚಿರಿತ್ಸು’ ಎನ್ನುತ್ತಾರೆ. ಎರವಲು ಶಬ್ದವು ಕಿವಿಯನ್ನು ಕೈಬಿಟ್ಟಾಗ ದೇಶ್ಯಶಬ್ದವು ಬಂದು ಕೈಹಿಡಿಯುತ್ತದೆ.

೯

ಮೇಲ್ಕಂಡ ವಿಚಾರದಿಂದ ಸಿದ್ಧವಾಗುವುದಿಷ್ಟು. ಜಪಾನೀ ಭಾಷೆಯ ಬೇರು ಅದರ ದೇಶ್ಯಶಬ್ದಗಳಲ್ಲಿಯೂ ಪ್ರತ್ಯಯಗಳಲ್ಲಿಯೂ ಇದೆ. ಚೀನೀ ಲಿಪಿಯು ಅದಕ್ಕೆ ಹೊರಗಿನಿಂದ ಬಂದುದು. ಆದರೆ ಹೊರಗಿನಿಂದ ಬಂದುದು ಹೊರಗೇ ನಿಲ್ಲಲಿಲ್ಲ. ಅದು ಶಬ್ದಗಳನ್ನು ತಂದಿತು, ಶಬ್ದಗಳನ್ನು ಸೀಳಿತು, ಶಬ್ದಗಳನ್ನು ಹೆತ್ತಿತು; ಕಣ್ಣಿಗೆ ಸ್ಪಷ್ಟತೆಯನ್ನು ಕೊಟ್ಟು ಕಿವಿಗೆ ಸಂದಿಗ್ಧತೆಯನ್ನು ಕೊಟ್ಟಿತು. ಆದುದರಿಂದ ಜಪಾನೀ ಶಬ್ದವೊಂದರ ಇತಿಹಾಸವನ್ನು ಅರಸುವವನು ಮೊದಲು ಅದರ ಧ್ವನಿಯನ್ನು ವಿಚಾರಿಸಿ, ಅದು ಯಾವ ಪದರದ್ದೆಂಬುದನ್ನು ನಿರ್ಣಯಿಸಿ, ಆ ಬಳಿಕ ಅಕ್ಷರವನ್ನು ಸಾಕ್ಷಿಗೆ ಕರೆಯಬೇಕು. ಅಕ್ಷರವು ಕೆಲವೆಡೆ ಸತ್ಯವನ್ನು ನುಡಿಯುತ್ತದೆ, ಕೆಲವೆಡೆ ನುಡಿಯುವುದಿಲ್ಲ.

ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಿಂದ ಜಪಾನೀಯರು ಯಂತ್ರಗಳ ಮೂಲಕ ಬರೆಯುವುದು ಸಾಮಾನ್ಯವಾಗಿದೆ. ಬರೆಯುವವನು ಶಬ್ದವನ್ನು ಮೊದಲು ಧ್ವನಿಯಿಂದ ಒತ್ತುತ್ತಾನೆ. ಆ ಧ್ವನಿಗೆ ಒಪ್ಪುವ ಕಂಜಿಗಳನ್ನು ಯಂತ್ರವು ಮುಂದಿಡುತ್ತದೆ. ತಕ್ಕುದನ್ನು ಅವನು ಆರಿಸಿಕೊಳ್ಳುತ್ತಾನೆ. ಯಸುಮರೊ ಹದಿಮೂರು ಶತಮಾನಗಳ ಹಿಂದೆ ಎದುರಿಸಿದ ಧ್ವನಿ ಅರ್ಥಗಳ ಆಯ್ಕೆಯು ಈಗ ಪ್ರತಿಯೊಂದು ವಾಕ್ಯದಲ್ಲಿಯೂ ಪ್ರತಿಯೊಬ್ಬ ಬರೆಹಗಾರನ ಮುಂದೆ ಬಂದು ನಿಲ್ಲುತ್ತಿದೆ.